ಹಾಸನಾಂಬೆಯ ಕ್ಯೂನಲ್ಲಿ ಒಬ್ಬ ನರ್ಸಮ್ಮ: ಒಂದು ಪ್ರಕರಣ

ಈ ಪ್ರಕರಣವನ್ನು ಬರೆದಿಡಿ ಎಂದು ನಮ್ಮ ಚರ್ಚಿನ ಸಭೆಯ ಅಯ್ಯನವರು, ಅಂದರೆ ಪಾದ್ರಿಗಳು, ಹೇಳಿ ವರ್ಷವಾಗುತ್ತಾ ಬಂತು. ಭಾನುವಾರ ಆರಾಧನೆಗೆ ಮುಂಚೆ ಬೈಬಲ್ ತರಗತಿ ನಡೆಸುವವನು ನಾನು. ಮುಂದೆ ಇಂಥದ್ದೇ ಪ್ರಶ್ನೆ ಬಂದರೆ ಓದಿಕೊಳ್ಳಲು ಏನಾದರೂ ಇರಲಿ ಎನ್ನುವುದು ಅವರ ಆಸೆ. ನಾನು ತಡ ಮಾಡಿದ್ದಕ್ಕೆ ಕಾರಣ ಇದೆ. ಆ ಗಲಾಟೆಯಲ್ಲಿ ನನ್ನದೂ ಒಂದು ಪಾಲಿತ್ತು, ಅದು ಹೇಳಿಕೊಳ್ಳುವಂಥ ಪಾಲಲ್ಲ.

ಇದರಲ್ಲಿ ಬರುವ ಮೂವರು ಹೆಂಗಸರೂ ಬರೆಯಲು ಒಪ್ಪಿದ್ದಾರೆ, ಹೆಸರು ಮಾತ್ರ ಬೇಡ ಎಂದಿದ್ದಾರೆ. ಆದ್ದರಿಂದ ಬೀದಿಯಲ್ಲಿ ಜನ ಕರೆಯುವ ಹಾಗೇ ಕರೆಯುತ್ತೇನೆ. ಒಬ್ಬರು ನರ್ಸಮ್ಮ, ಒಬ್ಬರು ಅಜ್ಜಿ. ಮೂರನೆಯವಳು ಹೊಸ ಸೊಸೆ. ಮದುವೆಯಾಗಿ 4 ವರ್ಷವಾದರೂ ನಮ್ಮ ಸಭೆಯವರ ಬಾಯಲ್ಲಿ ಅವಳು ಹೊಸಬಳೇ.

ಪಕ್ಕದ ಮನೆ

ನರ್ಸಮ್ಮನಿಗೆ 48 ವರ್ಷ. ಹಾಸನದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸ, ಮನೆ ಸಾಲಗಾಮೆ ರಸ್ತೆಯ ಕಡೆ. ಮೂರು ತಲೆಮಾರಿನಿಂದ ಕ್ರೈಸ್ತರು. ಪಕ್ಕದ ಮನೆ ಅಜ್ಜಿಗೆ 76. ಯಜಮಾನರು ಮೇಷ್ಟ್ರಾಗಿದ್ದವರು, ತೀರಿಕೊಂಡಿದ್ದಾರೆ. ಮಗ ಬೆಂಗಳೂರಿನಲ್ಲಿ, ತಿಂಗಳಿಗೊಮ್ಮೆ ಬಂದು ಹೋಗುತ್ತಾನೆ.

ನರ್ಸಮ್ಮನ ಮಗಳು 2 ವರ್ಷದವಳಿದ್ದಾಗಿನಿಂದ, ತಾಯಿಗೆ ನೈಟ್ ಡ್ಯೂಟಿ ಬಿದ್ದಾಗಲೆಲ್ಲ ಅಜ್ಜಿಯ ಮಗ್ಗುಲಲ್ಲೇ ಮಲಗಿದವಳು. ಹೀಗೆ 10 ವರ್ಷ ನಡೆಯಿತು. ಅಲ್ಲಿಂದ ಸಂಕ್ರಾಂತಿಯ ಎಳ್ಳುಬೆಲ್ಲ ಬರುತ್ತಿತ್ತು, ಗೌರಿ ಹಬ್ಬದ ಕಡುಬು ಬರುತ್ತಿತ್ತು. ಇಲ್ಲಿಂದ ಕ್ರಿಸ್ಮಸ್‌ಗೆ ಕರ್ಜಿಕಾಯಿ ಹೋಗುತ್ತಿತ್ತು, ಜೊತೆಗೆ ಅಜ್ಜಿಗೆಂದೇ ಮೊಟ್ಟೆ ಹಾಕದೆ ಬೇರೆ ಮಾಡಿದ ಕೇಕು. ಆ 10 ವರ್ಷ ಆ ಮಗು ಯಾವ ದೇವರ ಮುಂದೆ ಇಟ್ಟದ್ದನ್ನು ತಿಂತು ಎಂದು ನಮ್ಮ ಸಭೆಯಲ್ಲಿ ಯಾರೂ ಕೂಟ ಸೇರಲಿಲ್ಲ. ಸಹಾಯ ಪಡೆಯುವಾಗ ನಮ್ಮ ಮನಸ್ಸಾಕ್ಷಿಗೆ ಒಳ್ಳೆಯ ನಿದ್ದೆ ಬರುತ್ತದೆ ಅಂತ ಕಾಣುತ್ತದೆ.

ಹೊಸ ಸೊಸೆ ಅರಸೀಕೆರೆ ಕಡೆಯವಳು, ವಯಸ್ಸು 26. ನಮ್ಮ ಸಭೆಯ ಒಬ್ಬ ಟ್ಯಾಕ್ಸಿ ಓಡಿಸುವ ಹುಡುಗನನ್ನು ಇಷ್ಟಪಟ್ಟು ಮದುವೆಯಾದಳು. ಆಮೇಲೆ ತಾನಾಗಿ ಕೇಳಿ ದೀಕ್ಷಾಸ್ನಾನ ತಗೊಂಡಳು. ಅಪ್ಪ ಅವತ್ತೇ ಬಾಗಿಲು ಹಾಕಿಕೊಂಡರು.

ಮೊದಲ ವರ್ಷ

ಹಾಸನದವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಹೊರಗಿನವರಿಗಾಗಿ ಎರಡು ಮಾತು. ಹಾಸನಾಂಬೆಯ ಗುಡಿ ವರ್ಷಕ್ಕೆ ಒಂದೇ ಸಲ ತೆರೆಯುತ್ತದೆ. ಆಶ್ವಯುಜ ಮಾಸದ ಹುಣ್ಣಿಮೆ ಕಳೆದು ಬರುವ ಮೊದಲ ಗುರುವಾರ ಬಾಗಿಲು ತೆಗೆದರೆ, ದೀಪಾವಳಿ ಮುಗಿಯುವ ಹೊತ್ತಿಗೆ ಮತ್ತೆ ಹಾಕುತ್ತಾರೆ. ಬಾಗಿಲು ಹಾಕುವಾಗ ಹಚ್ಚಿಟ್ಟ ದೀಪ ಮುಂದಿನ ವರ್ಷದವರೆಗೂ ಉರಿಯುತ್ತಿರುತ್ತದೆ ಎನ್ನುವುದು ಭಕ್ತರ ನಂಬಿಕೆ. ಆ ದಿನಗಳಲ್ಲಿ ಊರಿಗೆ ಊರೇ ಕ್ಯೂ. ದುಡ್ಡು ಕೊಟ್ಟು ವಿಶೇಷ ದರ್ಶನದ ಟಿಕೆಟ್ ತಗೊಂಡರೂ ನಿಲ್ಲುವುದು ತಪ್ಪುವುದಿಲ್ಲ.

ಅಜ್ಜಿ ಮದುವೆಯಾಗಿ ಹಾಸನಕ್ಕೆ ಬಂದಾಗಿನಿಂದ ಒಂದು ವರ್ಷವೂ ತಪ್ಪಿಸಿದವರಲ್ಲ. ಆ ವರ್ಷ ಎರಡೂ ಮೊಣಕಾಲು ಕೈಕೊಟ್ಟಿದ್ದವು. ಮಗನಿಗೆ ರಜೆ ಇರಲಿಲ್ಲ. ಟಿಕೆಟ್ ದುಡ್ಡು ಕಳಿಸಿ, ಯಾರನ್ನಾದರೂ ಜೊತೆ ಮಾಡಿಕೊಂಡು ಹೋಗಮ್ಮ ಎಂದ. ಅಜ್ಜಿ ಗೋಡೆಯ ಆ ಕಡೆಯಿಂದ ಕೇಳಿದರು: "ಮಗಾ, ನಿಮ್ಮ ದೇವ್ರು ಬೇಜಾರ್ ಮಾಡ್ಕೊಳಲ್ಲ ಅಂದ್ರೆ ನನ್ನನ್ನ ಕರ್ಕೊಂಡೋಗ್ತೀಯಾ?"

ನರ್ಸಮ್ಮ ಜಾಸ್ತಿ ಯೋಚಿಸಲಿಲ್ಲ. ಪರಿಚಯದವರಿಂದ ಮಡಚುವ ವ್ಹೀಲ್‌ಚೇರ್ ತಂದರು. ಕ್ಯೂನಲ್ಲಿ ಹೊತ್ತು ಹೋಗಲೆಂದು ಅಜ್ಜಿ ಸೊಸೆ ಕಲ್ಲಿನ ಕಥೆ ಹೇಳಿದರು. ಅತ್ತೆಯ ಕಾಟ ತಾಳದೆ ದೇವಿಯನ್ನು ಕೂಗಿ ಕರೆದ ಸೊಸೆ ಗುಡಿಯೊಳಗೆ ಕಲ್ಲಾಗಿದ್ದಾಳಂತೆ. ವರ್ಷಕ್ಕೆ ಒಂದು ಕಾಳಿನಷ್ಟು ದೇವಿಯ ಕಡೆ ಸರಿಯುತ್ತಾಳಂತೆ. "ನಮ್ ಕ್ಯೂನೂ ಅವಳ ಜೊತೇಲೇ ಹೊರಟಿರಬೇಕು" ಎಂದು ಅಜ್ಜಿ ನಕ್ಕರಂತೆ. ಮುಂದೆ ಗಾಲಿ ಹೋಗದ ಕಡೆ ನರ್ಸಮ್ಮ ಅಜ್ಜಿಯ ರಟ್ಟೆ ಹಿಡಿದು ಒಳಗೆ ನಡೆಸಿದರು. ಅಜ್ಜಿ ಬಗ್ಗಿದಾಗ ಬೀಳದ ಹಾಗೆ ಹಿಡಿದುಕೊಂಡರು. ತಾವು ಕೈ ಮುಗಿಯಲಿಲ್ಲ, ಮುಖ ತಿರುಗಿಸಿ ನಿಲ್ಲಲೂ ಇಲ್ಲ.

ಹೊರಗೆ ಬಂದ ಮೇಲೆ ಅಜ್ಜಿಯ ಬೀದಿಯ ಹುಡುಗನೊಬ್ಬ ಫೋಟೋ ತೆಗೆದ. ಅಜ್ಜಿಯ ಹಣೆ ತುಂಬ ಕುಂಕುಮ, ನರ್ಸಮ್ಮನ ಕೈಯಲ್ಲಿ ಅಜ್ಜಿಯ ಹೂವಿನ ಬುಟ್ಟಿ. ಸಂಜೆಯೊಳಗೆ ಅದು ನಮ್ಮ ಸಭೆಯ ವಾಟ್ಸ್ಯಾಪ್ ಗುಂಪಿಗೆ ಬಂತು.

ಕೂಟದಲ್ಲಿ

ಮುಂದಿನ ವಾರ ಮಹಿಳಾ ಕೂಟದಲ್ಲಿ ಇದೇ ಮಾತು. ವಾಕ್ಯ ಗೊತ್ತಿರುವವರು ಇರಲಿ ಎಂದು ನನ್ನನ್ನೂ ಕರೆದಿದ್ದರು.

ಕೂಟದ ಹಿರಿಯ ಅಕ್ಕ ಒಬ್ಬರು 1 ಕೊರಿಂಥ 10ನೇ ಅಧ್ಯಾಯ ತೆಗೆದರು. ಯೇಸುವಿನ ಸುದ್ದಿಯನ್ನು ಊರೂರಿಗೆ ಸಾರಿದ ಪೌಲ ಕೊರಿಂಥದ ಸಭೆಗೆ ಬರೆದ ಮೊದಲ ಪತ್ರ ಇದು. ಕರ್ತನ ಮೇಜು, ವಿಗ್ರಹದ ಮೇಜು, ಹೀಗೆ ಎರಡು ಮೇಜಿನಲ್ಲಿ ಊಟ ಮಾಡಲು ಆಗುವುದಿಲ್ಲ ಎಂದು ಪೌಲನೇ ಹೇಳುವ ಜಾಗ ಅದು. ವಿಗ್ರಹಕ್ಕೆ ಅರ್ಪಿಸಿದ್ದನ್ನು ದೂರವಿಡಿ ಎಂದು ಯೆರೂಸಲೇಮಿನ ಸಭೆ ಅನ್ಯಜನರ, ಅಂದರೆ ಯೆಹೂದ್ಯರಲ್ಲದವರ, ಸಭೆಗಳಿಗೆ ಬರೆದ ಪತ್ರವನ್ನೂ ಓದಿದರು, ಅಪೊಸ್ತಲರ ಕೃತ್ಯಗಳು 15. ಅವರ ವಾದವನ್ನು ಹಳೇ ಕಾಲದ್ದು ಎಂದು ತಳ್ಳಿಹಾಕುವುದು ಸರಿಯಲ್ಲ. ಅದಕ್ಕೂ ವಾಕ್ಯದ ಆಧಾರ ಇದೆ.

ನಾನು ಎದ್ದು ಕೊರಿಂಥದ ಅದೇ ಪತ್ರದ 8ನೇ ಅಧ್ಯಾಯ ಹಿಡಿದೆ. ವಿಗ್ರಹ ಎಂಬುದು ಏನೂ ಅಲ್ಲ, ದೇವರು ಒಬ್ಬನೇ ಎಂದ ಮೇಲೆ ಒಂದು ಕಟ್ಟಡದೊಳಗೆ ಕಾಲಿಟ್ಟರೆ ಏನಾಗುತ್ತದೆ? ಮತ್ತೆ ಪೌಲನದೇ ಇನ್ನೊಂದು ಪತ್ರ, ಗಲಾತ್ಯ 5:1 ಹೇಳಿದೆ: ಕ್ರಿಸ್ತನು ನಮ್ಮನ್ನು ಬಿಡಿಸಿದ್ದು ಸ್ವತಂತ್ರರಾಗಿ ಇರಲೆಂದೇ, ತಿರುಗಿ ನೊಗಕ್ಕೆ ಕತ್ತು ಕೊಡಬೇಡಿ. ಚೆನ್ನಾಗಿ ಮಾತಾಡಿದೆ. ನಾಲ್ಕು ಜನ ತಲೆಯಾಡಿಸಿದರು. ನನಗೆ ಖುಷಿಯಾಯಿತು. ನನ್ನ ಪಾಲು ಎಂದೆನಲ್ಲ, ಅದು ಇದೇ.

ಕೊನೆಗೆ ಒಬ್ಬರು, ನರ್ಸಮ್ಮ ಭಾನುವಾರ ಸಭೆಯ ಮುಂದೆ ನಿಂತು ತಪ್ಪಾಯಿತು ಎಂದು ಹೇಳಲಿ, ಅಲ್ಲಿಗೆ ಮುಗಿಸೋಣ ಎಂದರು. ನರ್ಸಮ್ಮ ಶಾಂತವಾಗಿಯೇ ಉತ್ತರ ಕೊಟ್ಟರು. "ತಪ್ಪು ಅಂತ ನನ್ನ ಮನಸ್ಸಿಗೆ ಬಂದಿದ್ದರೆ ನೀವು ಕೇಳೋಕೆ ಮುಂಚೆ ಹೇಳ್ತಿದ್ದೆ. ಬಂದಿಲ್ಲ. ಸುಮ್ನೆ ಬಾಯಿಮಾತಿಗೆ ಹೇಳಿದ್ರೆ ಅದು ಸುಳ್ಳಾಗುತ್ತೆ."

ಹೊಸ ಸೊಸೆ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ. ಮುಂದಿನ ಭಾನುವಾರ ಅವಳು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಹುಷಾರಿಲ್ಲ ಎಂದು ಗಂಡ ಹೇಳಿದ. ಮೂರನೇ ವಾರ ಬೇರೆ ಯಾರಿಗೂ ಹೊಳೆಯದ್ದು ನರ್ಸಮ್ಮನಿಗೆ ಹೊಳೆಯಿತು. ನೈಟ್ ಡ್ಯೂಟಿ ಮುಗಿಸಿ, ಮನೆಗೂ ಹೋಗದೆ, ಸೀದಾ ಅವಳ ಮನೆಗೆ ಹೋದರು.

ಹೊಸ ಸೊಸೆ ಹೇಳಿದ್ದು

ಈ ಭಾಗವನ್ನು ನಾನು ಇಬ್ಬರಿಂದಲೂ ಕೇಳಿದ್ದೇನೆ. ಪ್ರಕರಣದ ತಿರುಳು ಇರುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಬರೆಯುತ್ತೇನೆ.

ನರ್ಸಮ್ಮ ಅಂದುಕೊಂಡದ್ದು ಬೇರೆ. ನಂಬಿಕೆಯಲ್ಲಿ ಇನ್ನೂ ಎಳೆಯ ಹುಡುಗಿ, ಗುಡಿಗೆ ಹೋಗಿದ್ದು ನೋಡಿ ಗಲಿಬಿಲಿಯಾಗಿರಬೇಕು, ಪೌಲ ಹೇಳುವ ಬಲಹೀನ ಮನಸ್ಸಾಕ್ಷಿ ಇದೇ ಇರಬೇಕು ಎಂದು. ಬಿಡಿಸಿ ಹೇಳೋಣ ಎಂದು ತಯಾರಾಗಿ ಹೋಗಿದ್ದರು. ಹುಡುಗಿ ಕಾಫಿ ಕೊಟ್ಟು, ಸ್ವಲ್ಪ ಹೊತ್ತು ಸುಮ್ಮನಿದ್ದು, ಕೇಳಿದಳು.

"ಅಕ್ಕಾ, ನಮ್ಮಮ್ಮನೂ ಅವತ್ತು ಅದೇ ಕ್ಯೂನಲ್ಲಿ ಇದ್ರು. ಗೊತ್ತಾ ನಿಮಗೆ?"

ಅವಳ ಅಮ್ಮ ಪ್ರತಿ ವರ್ಷ ಊರಿನ ಹೆಂಗಸರ ಜೊತೆ ಬಸ್ಸಿನಲ್ಲಿ ಹಾಸನಾಂಬೆಗೆ ಬರುತ್ತಾರೆ. ಅಪ್ಪ ಬರುವುದಿಲ್ಲ. ವರ್ಷದಲ್ಲಿ ಅಪ್ಪನ ಕಣ್ಣು ತಪ್ಪಿಸಿ ತಾಯಿ ಮಗಳು ನೋಡಬಹುದಾದ ದಿನ ಅದೊಂದೇ. ಮದುವೆಯಾದ ಮೊದಲ ವರ್ಷ ಅವಳು ಇದನ್ನು ಸಭೆಯ ಅಕ್ಕಂದಿರ ಹತ್ತಿರ ಹೇಳಿಕೊಂಡಿದ್ದಳು. ಹೋಗಿ ಅಮ್ಮನ ಪಕ್ಕ ಸ್ವಲ್ಪ ಹೊತ್ತು ನಿಂತು ಬರಲಾ ಎಂದು ಕೇಳಿದ್ದಳು. ಬೇಡ, ಆ ದಿನಗಳಲ್ಲಿ ಆ ರಸ್ತೆಗೇ ಹೋಗಬೇಡ, ನೀನು ಹೊಸಬಳು, ಮನಸ್ಸು ತಿರುಗುತ್ತದೆ ಎಂದರು. ಅವಳು ಹೋಗಲಿಲ್ಲ. ಮೂರು ವರ್ಷ ಹೋಗಲಿಲ್ಲ. ಆ ಒಂದು ದಿನ ಮನೆಯ ಕದ ಹಾಕಿಕೊಂಡು ಕೂರುತ್ತಿದ್ದಳು.

"ನನಗೆ ನನ್ನ ಅಮ್ಮನ ಜೊತೆ ನಿಲ್ಲೋಕೆ ಬಿಡಲಿಲ್ಲ. ನೀವು ಪಕ್ಕದ ಮನೆ ಅಜ್ಜಿ ಜೊತೆ ನಿಂತ್ರಿ. ಅದಕ್ಕೆ ಮೇಷ್ಟ್ರು ಸ್ವಾತಂತ್ರ್ಯ ಅಂದ್ರು. ಹಂಗಾದ್ರೆ ಅದು ನಿಮಗೆ ಮಾತ್ರ ಇರೋದಾ ಅಕ್ಕಾ?"

ಮೇಷ್ಟ್ರು ಅಂದರೆ ನಾನು. ನರ್ಸಮ್ಮ ತಯಾರು ಮಾಡಿಕೊಂಡು ಹೋಗಿದ್ದ ಮಾತೆಲ್ಲ ಅಲ್ಲೇ ಉಳಿಯಿತು. ಕಾಫಿ ಲೋಟ ಕೆಳಗಿಟ್ಟು ಅತ್ತುಬಿಟ್ಟರಂತೆ. ಅಜ್ಜಿಯನ್ನು ಕರೆದುಕೊಂಡು ಹೋಗಿದ್ದಕ್ಕೆ ಅಲ್ಲ. ಅದೇ ಕೂಟದಲ್ಲಿ ಕೂತಿದ್ದು, ಈ ಹುಡುಗಿಗೆ ಬೇಡ ಎಂದಾಗ ತಾವೂ ಬಾಯಿ ಬಿಡದೆ ಇದ್ದದ್ದಕ್ಕೆ. "ನಿನ್ನ ಹತ್ರ ಮಾತ್ರ ತಪ್ಪಾಯ್ತು ಅಂತೀನಿ" ಎಂದರು. ಸಭೆಯ ಮುಂದೆ ಕೇಳಿದರೂ ಬಾರದ ಮಾತು ಆ ಅಡುಗೆಮನೆಯಲ್ಲಿ ತಾನಾಗಿ ಬಂತು.

ನಾವು ಓದಿದ್ದು, ಓದದೆ ಬಿಟ್ಟಿದ್ದು

ಅಯ್ಯನವರು ಮುಂದಿನ ತಿಂಗಳು ಇದನ್ನೇ ಅಧ್ಯಯನಕ್ಕೆ ತಗೊಂಡರು. ತೀರ್ಪು ಕೊಡುತ್ತಾರೆ ಎಂದು ಕಾದವರಿಗೆ ನಿರಾಸೆಯಾಯಿತು.

ಮೊದಲು ನನ್ನನ್ನೇ ಎಬ್ಬಿಸಿ, ಗಲಾತ್ಯ 5:1 ಆಯಿತು, ಈಗ 13 ಓದಿ ಎಂದರು. ಓದಿದೆ. ಸ್ವತಂತ್ರರಾಗಲು ನಿಮ್ಮನ್ನು ಕರೆದಿದೆ, ಆದರೆ ಅದನ್ನು ನಿಮ್ಮ ಇಷ್ಟಕ್ಕೆ ನೆಪ ಮಾಡಿಕೊಳ್ಳದೆ ಪ್ರೀತಿಯಿಂದ ಒಬ್ಬರಿಗೊಬ್ಬರು ಸೇವೆ ಮಾಡಿ ಎನ್ನುವ ಅರ್ಥದ ವಾಕ್ಯ. ಕನ್ನಡದಲ್ಲಿ ಸೇವೆ ಎಂದಿರುವ ಕಡೆ ಗ್ರೀಕಿನಲ್ಲಿ ಇರುವುದು ದಾಸರಾಗಿ ದುಡಿಯುವುದು ಎನ್ನುವ ಮಾತು. ಮೊದಲ ವಚನದಲ್ಲಿ ಯಾವ ದಾಸತ್ವಕ್ಕೆ ಮತ್ತೆ ಹೋಗಬೇಡಿ ಎಂದನೋ, 13ರಲ್ಲಿ ಅದೇ ಪದದ ಬೇರಿನಿಂದ ಒಬ್ಬರಿಗೊಬ್ಬರು ದಾಸರಾಗಿ ಎನ್ನುತ್ತಾನೆ. ಓದುವವರು ಒಂದು ಗಳಿಗೆ ತಡವರಿಸಲಿ ಎಂದೇ ಬರೆದ ಹಾಗಿದೆ. ಕನ್ನಡದವರಿಗೆ ಆ ತಡವರಿಕೆ ಸ್ವಲ್ಪ ಕಡಿಮೆ ಇರಬೇಕು. ದಾಸ ಎಂದರೆ ನಮಗೆ ಸಂಕೋಲೆಗಿಂತ ಮೊದಲು ತಂಬೂರಿ ನೆನಪಾಗುತ್ತದೆ, ಪುರಂದರದಾಸರು, ಕನಕದಾಸರು ನೆನಪಾಗುತ್ತಾರೆ. ಹೆಸರಿನ ಹಿಂದೆ ದಾಸ ಎಂದು ಹಾಕಿಕೊಂಡು ಹೆಮ್ಮೆಪಟ್ಟ ನಾಡು ಇದು.

ಪ್ರೊಟೆಸ್ಟೆಂಟ್ ಸುಧಾರಣೆ ಶುರುಮಾಡಿದ ಮಾರ್ಟಿನ್ ಲೂಥರ್ 1520ರಲ್ಲಿ ಇದೇ ವಿಷಯಕ್ಕೆ ಎರಡು ಮಾತು ಜೋಡಿಸಿದ. ಕ್ರೈಸ್ತನು ಯಾರ ಕೈಕೆಳಗೂ ಇಲ್ಲದ ಒಡೆಯ, ಕ್ರೈಸ್ತನು ಎಲ್ಲರ ಕೈಕೆಳಗಿನ ಆಳು. ಮೊದಲ ಅರ್ಧ ನನಗೆ ಬಾಯಿಪಾಠವಾಗಿತ್ತು.

ಆಮೇಲೆ ಕೊರಿಂಥದ ವಿಷಯ ಬಂತು. ವಿಗ್ರಹ ಏನೂ ಅಲ್ಲ ಎಂಬ ತಿಳಿವಳಿಕೆ ಸರಿ ಎಂದು ಪೌಲ ಒಪ್ಪುತ್ತಾನೆ. ಆದರೆ ನಿನ್ನನ್ನು ನೋಡಿ ಇನ್ನೊಬ್ಬನು ತನ್ನ ಮನಸ್ಸಿಗೆ ವಿರುದ್ಧವಾಗಿ ನಡೆದು ಹಾಳಾಗುವುದಾದರೆ, ನಾನು ಎಂದೆಂದಿಗೂ ಮಾಂಸ ಮುಟ್ಟುವುದಿಲ್ಲ ಎನ್ನುತ್ತಾನೆ. ಅಲ್ಲಿನ ಜಗಳ ವಿಗ್ರಹಕ್ಕೆ ಅರ್ಪಿಸಿದ ಮಾಂಸದ್ದು. ಇಲ್ಲಿ ಒಬ್ಬರು ಒಳ್ಳೆಯ ಪ್ರಶ್ನೆ ಕೇಳಿದರು. ಪೌಲ ಮಾಂಸ ಬಿಟ್ಟರೆ ನಷ್ಟ ಅವನೊಬ್ಬನಿಗೆ. ನರ್ಸಮ್ಮ ಹೋಗುವುದನ್ನು ಬಿಟ್ಟರೆ ನಷ್ಟ ಅಜ್ಜಿಗೆ ಅಲ್ವಾ? ತ್ಯಾಗ ಮಾಡಿದ ಹೆಸರು ಇವರಿಗೆ, ದರ್ಶನ ತಪ್ಪುವುದು ಅವರಿಗೆ. ನನಗೆ ಇದಕ್ಕಿಂತ ಹರಿತವಾದ ಮಾತು ಆ ಇಡೀ ಗಲಾಟೆಯಲ್ಲಿ ಕೇಳಿಸಲಿಲ್ಲ. ನಮ್ಮ ಸಭೆಯ ಒಬ್ಬಳ ಮನಸ್ಸನ್ನು ಕಾಪಾಡುವ ಖರ್ಚನ್ನು ನಮ್ಮ ಸಭೆಗೇ ಸೇರದ ಮುದುಕಿಯ ತಲೆಗೆ ಕಟ್ಟಬಹುದೇ? ಕಟ್ಟಬಾರದು ಎಂದೇ ನನ್ನ ಅಭಿಪ್ರಾಯ. ಪ್ರೀತಿಸಬೇಕಾದ ನೆರೆಯವರು ಸಭೆಯ ಗೋಡೆಯೊಳಗೆ ಮಾತ್ರ ಇರುವುದಿಲ್ಲ.

ಅಯ್ಯನವರು ಅದಕ್ಕೆ ನಾಮಾನನ ಕಥೆ ಓದಿದರು, 2 ಅರಸುಗಳು 5. ಅರಾಮ್ಯರ ಸೇನಾಪತಿ, ಕುಷ್ಠ ವಾಸಿಯಾಗಿ ಇಸ್ರಾಯೇಲಿನ ದೇವರನ್ನು ನಂಬುತ್ತಾನೆ. ಊರಿಗೆ ಹೊರಡುವಾಗ ಪ್ರವಾದಿ ಎಲೀಷನ ಹತ್ತಿರ ಒಂದು ಅಳುಕು ಹೇಳಿಕೊಳ್ಳುತ್ತಾನೆ: ನಮ್ಮ ಅರಸ ರಿಮ್ಮೋನನ ಗುಡಿಗೆ ಹೋಗುವಾಗ ನನ್ನ ಕೈ ಹಿಡಿದು ಒರಗುತ್ತಾನೆ, ಅವನು ಬಗ್ಗಿದಾಗ ನಾನೂ ಬಗ್ಗಬೇಕಾಗುತ್ತದೆ, ಅದನ್ನು ದೇವರು ಕ್ಷಮಿಸಲಿ. ಎಲೀಷ ಹೋಗಬೇಡ ಎನ್ನಲಿಲ್ಲ, ಹೋಗು ಪರವಾಗಿಲ್ಲ ಎಂದೂ ಬಿಡಿಸಿ ಹೇಳಲಿಲ್ಲ. ಸಮಾಧಾನದಿಂದ ಹೋಗು ಎಂದ, ಅಷ್ಟೇ. ಒರಗುವ ಕೈ ಎನ್ನುವಾಗ ಎಲ್ಲರೂ ನರ್ಸಮ್ಮನ ಕಡೆ ನೋಡಿದರು.

ಸಭೆಯ ಮುಂದೆ ಕ್ಷಮೆ ಕೇಳಿಸುವ ವಿಷಯ ಮಾತ್ರ ಉಳಿದಿತ್ತು. ಪೌಲನ ಜೊತೆಗಾರರಲ್ಲಿ ಇಬ್ಬರಿದ್ದರು. ಯೆಹೂದ್ಯನಲ್ಲದ ತೀತನಿಗೆ ಸುನ್ನತಿ ಆಗಲೇಬೇಕು ಎಂದು ಕೆಲವರು ಒತ್ತಾಯ ಮಾಡಿದಾಗ ಪೌಲ ಒಂದು ಗಳಿಗೆಯೂ ಬಗ್ಗಲಿಲ್ಲ. ಅದು ಗಲಾತ್ಯ 2ರಲ್ಲಿದೆ. ಅದೇ ಪೌಲ ತಿಮೊಥೆಗೆ ತಾನೇ ಸುನ್ನತಿ ಮಾಡಿಸಿದ, ಅಪೊಸ್ತಲರ ಕೃತ್ಯಗಳು 16. ಅಲ್ಲಿ ಯಾರೂ ಅದನ್ನು ನಿಯಮ ಮಾಡಿರಲಿಲ್ಲ. ಆ ಕಡೆಯ ಯೆಹೂದ್ಯರ ನಡುವೆ ಕೆಲಸ ಸುಗಮವಾಗಲಿ ಎಂದು ಮಾಡಿದ್ದು. ಕೆಲಸ ಒಂದೇ, ಒಂದು ಕಡೆ ಇಲ್ಲ, ಇನ್ನೊಂದು ಕಡೆ ಹೂಂ. ಒತ್ತಾಯ ಮಾಡಿದ ಕೂಟಕ್ಕೆ ಒಲ್ಲೆ ಎಂದ ನರ್ಸಮ್ಮ, ಯಾರೂ ಕೇಳದ ಕಡೆ ಹೋಗಿ ತಪ್ಪಾಯಿತು ಎಂದರಲ್ಲ, ನನಗೆ ಈ ಎರಡು ಅಧ್ಯಾಯಗಳು ಒಟ್ಟಿಗೆ ಅರ್ಥವಾಗಿದ್ದು ಆಗಲೇ.

ಹುಡುಗಿಗೆ ಬೇಡ ಎಂದವರ ಬಗ್ಗೆಯೂ ಒಂದು ಮಾತು. ಅವರು ಕೆಟ್ಟವರಲ್ಲ, ಹೆದರಿದವರು. ಆದರೆ ಹಳಬರಿಗೆ ಒಂದು ಅಳತೆ, ಹೊಸಬಳಿಗೆ ಒಂದು ಅಳತೆ ಇಟ್ಟಿದ್ದೆವು. ಗಲಾತ್ಯದಲ್ಲಿ ಪೌಲ ಸಿಟ್ಟಾಗುವುದೂ ಹೆಚ್ಚುಕಡಿಮೆ ಇದಕ್ಕೇ. ಹೊರಗಿನಿಂದ ಬಂದವರ ಮೇಲೆ ಮಾತ್ರ ಇನ್ನೊಂದು ಹೊರೆ ಹೇರುತ್ತಿದ್ದರು.

ಮರುವರ್ಷ

ಇಷ್ಟೆಲ್ಲ ಆದದ್ದು ಅಜ್ಜಿಯ ಕಿವಿಗೂ ಬಿದ್ದಿತ್ತು. "ನನ್ನ ದೆಸೆಯಿಂದ ನಿಮ್ಮನೆಗೆ ಮಾತು ಬರೋದು ಬೇಡ, ಇಲ್ಲಿಂದ್ಲೇ ಕೈ ಮುಗೀತೀನಿ" ಎಂದುಬಿಟ್ಟಿದ್ದರು. ನರ್ಸಮ್ಮ ಅವರಿಗೆ ಹೂಂ ಎನ್ನಲೂ ಇಲ್ಲ, ಉಹೂಂ ಎನ್ನಲೂ ಇಲ್ಲ. ಗುಡಿ ತೆರೆಯಲು ಹತ್ತು ದಿನ ಇರುವಾಗ ಹೊಸ ಸೊಸೆಯ ಮನೆಗೆ ಹೋದರು.

"ನೀನು ಬೇಡ ಅಂದ್ರೆ ನಾನು ಹೋಗಲ್ಲ. ಅಜ್ಜಿಗೆ ಬೇರೆ ಯಾರನ್ನಾದ್ರೂ ಹುಡುಕಿ ಕೊಡ್ತೀನಿ. ಯೋಚನೆ ಮಾಡಿ ಹೇಳು."

ಹುಡುಗಿ ನಾಲ್ಕು ದಿನ ತಗೊಂಡಳು. ಆಮೇಲೆ ಫೋನ್ ಮಾಡಿ, "ಹೋಗಿ ಅಕ್ಕಾ. ನಾನೂ ಬರ್ತೀನಿ. ಒಳಗಲ್ಲ" ಎಂದಳು. ತಮ್ಮನ ಫೋನಿನಿಂದ ಅಮ್ಮನಿಗೆ ಸುದ್ದಿ ಮುಟ್ಟಿಸಿದ್ದಳು.

ಈ ಸಲ ನರ್ಸಮ್ಮ ಕೂಟದಲ್ಲಿ ತಾವೇ ಮುಂಚೆ ಹೇಳಿದರು. ಕೊರಿಂಥ 10 ಓದಿದ್ದ ಹಿರಿಯ ಅಕ್ಕ, "ನಾನು ಈಗಲೂ ಒಪ್ಪಲ್ಲಮ್ಮ" ಎಂದರು. ಸ್ವಲ್ಪ ಹೊತ್ತು ಬಿಟ್ಟು, ಮನೆಯಲ್ಲಿ ಮಲಗಿರುವ ನಿಮ್ಮ ಅತ್ತೆಗೆ ಅವತ್ತು ಮಧ್ಯಾಹ್ನ ಊಟ ಯಾರು ಹಾಕುತ್ತಾರೆ ಎಂದು ಕೇಳಿದರು. ಅವತ್ತು ಅವರೇ ಮುದ್ದೆ, ಉಪ್ಸಾರು ತಗೊಂಡು ಹೋಗಿ ಉಣಿಸಿ ಬಂದರು. ಈಗಲೂ ಒಪ್ಪಿಲ್ಲ. ಒಪ್ಪಿಸುವ ಕೆಲಸವನ್ನು ನಾನೂ ಬಿಟ್ಟಿದ್ದೇನೆ.

ಬೆಳಿಗ್ಗೆ ಹೊರಡುವಾಗ ಅಜ್ಜಿ ಬೀದಿಯ ಹುಡುಗನಿಗೆ ಫೋಟೋ ತೆಗೆದರೆ ಬೆನ್ನ ಮೇಲೆ ಬೀಳುತ್ತದೆ ಎಂದು ಗದರಿದರು. ಹೊಸ ಸೊಸೆಯ ಗಂಡ ತನ್ನ ಟ್ಯಾಕ್ಸಿಯಲ್ಲಿ ಎಷ್ಟು ಹತ್ತಿರ ಬಿಡುತ್ತಾರೋ ಅಷ್ಟು ಹತ್ತಿರ ಇಳಿಸಿದ. ಅವಳ ಅಮ್ಮ ಬಸ್ ಇಳಿದು, ಎರಡು ತೆಂಗಿನಕಾಯಿಯ ಚೀಲ ಹಿಡಿದು, ಆಗಲೇ ಬಂದು ನಿಂತಿದ್ದರು. ತಾಯಿ ಮಗಳು ನಾಲ್ಕು ವರ್ಷದ ಮೇಲೆ ಎದುರುಬದುರಾದರು. ಅಮ್ಮ ತಲೆಯಿಂದ ಕಾಲಿನವರೆಗೂ ನೋಡಿ, "ಸಣ್ಣಗಾಗಿದೀಯ" ಎಂದರು. ಆಮೇಲೆ ಚಪ್ಪಲಿ ಬಿಟ್ಟು, "ಇದನ್ನ ನೋಡ್ಕೋ, ಕಳೆದ ಸಲ ಯಾರೋ ಹಾಕ್ಕೊಂಡು ಹೋದ್ರು" ಎಂದು ಕೈಗೇ ಕೊಟ್ಟರು. ಅಜ್ಜಿಯೂ ತಮ್ಮದನ್ನು ಕೊಟ್ಟರು. ನರ್ಸಮ್ಮನೂ ಕೊಟ್ಟರು.

ಅವಳು ಮೂರು ಜೊತೆ ಚಪ್ಪಲಿ ಇಟ್ಟುಕೊಂಡು ಬ್ಯಾರಿಕೇಡ್ ಪಕ್ಕದ ನೆರಳಿನಲ್ಲಿ ಕೂತಳು. ಒಳಗೆ ಅಜ್ಜಿಯ ಒಂದು ರಟ್ಟೆ ನರ್ಸಮ್ಮನ ಕೈಯಲ್ಲಿ, ಇನ್ನೊಂದು ರಟ್ಟೆ ಆ ಅಮ್ಮನ ಕೈಯಲ್ಲಿ. ಕ್ಯೂ ಸೊಸೆ ಕಲ್ಲಿನ ವೇಗದಲ್ಲೇ ಹೋಯಿತಂತೆ. ಗರ್ಭಗುಡಿಯ ಮುಂದಿನ ಕೊನೆಯ ಹತ್ತು ಹೆಜ್ಜೆ ಅಜ್ಜಿಯನ್ನು ಆ ಅಮ್ಮನೇ ನಡೆಸಿದರು, ನರ್ಸಮ್ಮ ಹಿಂದೆ ಉಳಿದರು. ಯಾರೂ ಹಾಗೆ ಮಾಡಿ ಎಂದು ಹೇಳಿರಲಿಲ್ಲ.

ಹೊರಗೆ ಬಂದಾಗ ಮಧ್ಯಾಹ್ನ ದಾಟಿತ್ತು. ಅಮ್ಮನ ಉಂಗುರ ಬೆರಳಿನಲ್ಲಿ ಕುಂಕುಮ ಇತ್ತು. ಅಭ್ಯಾಸಬಲದಿಂದ ಮಗಳ ಹಣೆಯ ಹತ್ತಿರ ಕೈ ತಂದವರು, ಅರ್ಧದಲ್ಲಿ ನಿಲ್ಲಿಸಿ, ಬೆರಳನ್ನು ತಮ್ಮ ತಾಳಿಗೆ ಒತ್ತಿಕೊಂಡರು. ಆಮೇಲೆ ಅದೇ ಕೈಯ ಹಿಂಭಾಗದಿಂದ ಅವಳ ಕೆನ್ನೆ ಸವರಿದರು. ಯಾರಿಗೂ ಏನು ಮಾತಾಡಬೇಕೋ ತೋಚಲಿಲ್ಲ. ಅಜ್ಜಿ ವ್ಹೀಲ್‌ಚೇರಿನಲ್ಲಿ ಕೂತು, ನಿಮ್ದೆಲ್ಲ ಆಮೇಲೆ ಇಟ್ಕೊಳಿ, ಕಾಲು ಸುಡ್ತಾ ಇದೆ, ನನ್ನ ಚಪ್ಪಲಿ ಕೊಡಿ ಎಂದರು.